ಹೊಸ ರೀಫ್ ಟ್ಯಾಂಕಿನ ಪಾಚಿ: ಮೊದಲು ಗುರುತಿಸಿ, ಆಮೇಲೆ ಕೈಹಾಕಿ

ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನಲ್ಲಿ, ಮರಳಿನ ಮೇಲೆ ಕಂದು ಪುಡಿ ಉದುರಿಸಿದಂತಿದ್ದರೆ ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಟಿಡಿಎಸ್ (ಕರಗಿದ ಲವಣಾಂಶ) 0 ಇರುವ, ಶೋಧಿಸಿದ ಆರ್‌ಒ-ಡಿಐ ನೀರು ಬಳಸಿದರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿ ಹೋಗುತ್ತದೆ. ಕೆಂಪು ಪದರ ಹಾಲಿನ ಕೆನೆಯಂತೆ ಎದ್ದು ಬಂದರೆ ಸಯನೋಬ್ಯಾಕ್ಟೀರಿಯಾ (ಪಾಚಿಯಂತೆ ಕಾಣುವ ಬ್ಯಾಕ್ಟೀರಿಯಾ): ಪೈಪಿನಿಂದ ಹೀರಿ ತೆಗೆದು, ಆ ಮೂಲೆಗೆ ನೀರಿನ ಹರಿವು ಹೆಚ್ಚಿಸಿ.

ನಿಜವಾದ ತಲೆನೋವು ಡೈನೋಫ್ಲಾಜೆಲೇಟ್ ಎಂಬ ಏಕಕೋಶ ಜೀವಿ. ಕಂದು ಲೋಳೆ, ಎಳೆಎಳೆ, ತುದಿಯಲ್ಲಿ ಗುಳ್ಳೆ. ಅನುಮಾನವಿದ್ದರೆ ಲೋಳೆಯನ್ನು ಟ್ಯಾಂಕಿನ ನೀರಿನೊಂದಿಗೆ ಬಾಟಲಿಯಲ್ಲಿ ಜೋರಾಗಿ ಕುಲುಕಿ, ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಒಂದು ಗಂಟೆ ಬೆಳಕಿನಲ್ಲಿಡಿ. ಮತ್ತೆ ಎಳೆಗಟ್ಟಿದರೆ ಬಹುಮಟ್ಟಿಗೆ ಅದೇ. ಪೋಷಕಾಂಶಗಳಾದ ನೈಟ್ರೇಟ್, ಫಾಸ್ಫೇಟ್ ಸೊನ್ನೆಗಿಳಿದ ಟ್ಯಾಂಕಿನಲ್ಲೇ ಇದು ಹೆಚ್ಚಾಗಿ ಹಬ್ಬುವುದು. ಹಾಗಾಗಿ ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳಾದ ಜಿಎಫ್‌ಒ ತೆಗೆದಿಡಿ, ಪದೇಪದೇ ನೀರು ಬದಲಿಸಬೇಡಿ. ನೈಟ್ರೇಟ್ 5, ಫಾಸ್ಫೇಟ್ 0.05 ಪಿಪಿಎಂ (ದಶಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸಿಗೆ ನಿಧಾನವಾಗಿ ಏರಿಸಿ. ಬಸವನಹುಳು ಬಿಟ್ಟು ತಿನ್ನಿಸುವ ಉಪಾಯ ಇಲ್ಲಿ ಬೇಡ. ಡೈನೋಫ್ಲಾಜೆಲೇಟ್‌ನ ಕೆಲವು ಜಾತಿಗಳು ವಿಷಕಾರಿ, ತಿಂದ ಹುಳುಗಳೇ ಸಾಯುತ್ತವೆ.