ವರ್ಷಗಟ್ಟಲೆ ನಿಂತ ಡೀಸೆಲ್ ಅಂಬಾಸಿಡರ್ ಕಾರನ್ನು ಮತ್ತೆ ಓಡಿಸುವ ಕ್ರಮ

ಮಲೆನಾಡಿನ ಹಳೆಯ ಮನೆಗಳ ಶೆಡ್ಡುಗಳಲ್ಲಿ, ಅಡಿಕೆ ಹಾಳೆಗಳ ರಾಶಿಯ ಪಕ್ಕದಲ್ಲಿ, ಧೂಳು ಹೊದ್ದು ನಿಂತ ಡೀಸೆಲ್ ಅಂಬಾಸಿಡರ್ ಕಾರುಗಳು ಇಂದಿಗೂ ಕಾಣಸಿಗುತ್ತವೆ. ಅವುಗಳ 1489 ಸಿಸಿ ಎಂಜಿನ್‌ಗೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಶುದ್ಧ ಡೀಸೆಲ್, ಗಾಳಿ ಮತ್ತು ಸಿಲಿಂಡರಿನೊಳಗೆ ಸಾಕಷ್ಟು ಒತ್ತಡ ಒದಗಿದರೆ ಎಂಟು ಹತ್ತು ವರ್ಷ ನಿಂತದ್ದೂ ಓಡುತ್ತದೆ. ಅಂಥ ಎಂಜಿನ್‌ಗೆ ದೊಡ್ಡ ಪೆಟ್ಟು ಬೀಳುವುದು ಸಾಮಾನ್ಯವಾಗಿ ಅದನ್ನು ಹೊರತೆಗೆದ ಮೊದಲ ದಿನ, ಹೊಸ ಬ್ಯಾಟರಿ ಜೋಡಿಸಿ ನೇರವಾಗಿ ಸೆಲ್ಫ್ ಹೊಡೆದಾಗ. ನಮ್ಮ ಮನೆಯ ಕಾರಿಗೆ ಆದದ್ದೂ ಅದೇ. ತುಕ್ಕಿನಿಂದ ಅಂಟಿಕೊಂಡಿದ್ದ ಒಂದು ವಾಲ್ವ್ ಅಲುಗಲಿಲ್ಲ, ಅದನ್ನು ತೆರೆಯಲು ನೂಕುವ ಪುಶ್ ರಾಡ್ ಎಂಬ ಸರಳು ಬಿಲ್ಲಿನಂತೆ ಬಾಗಿತು. ಆದ್ದರಿಂದ ಬ್ಯಾಟರಿ ತರುವ ಕೆಲಸವನ್ನು ಒಂದು ವಾರ ಮುಂದಕ್ಕೆ ಹಾಕಿ.

ಮೊದಲಿಗೆ ಕಾರಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಬಾನೆಟ್ ತೆರೆದು ನಿಧಾನವಾಗಿ ನೋಡಿ. ಇಲಿಗಳು ವೈರಿಂಗ್‌ನ ಹೊದಿಕೆಯನ್ನು ಕಡಿದಿರುತ್ತವೆ, ಏರ್ ಕ್ಲೀನರ್ ಒಳಗೆ ಗೂಡು ಕಟ್ಟಿರುತ್ತವೆ. ಸೈಲೆನ್ಸರ್ ಕೊಳವೆಯ ಬಾಯಿಯಲ್ಲಿ ಕಣಜದ ಹುಳು ಕಟ್ಟಿದ ಮಣ್ಣು ಗಟ್ಟಿಯಾಗಿರಬಹುದು. ಇಲಿ ಇರುವಲ್ಲಿ ಹಾವೂ ಬರುತ್ತದೆ, ಹಾಗಾಗಿ ಸೀಟಿನ ಕೆಳಗೆ ಕೈ ಹಾಕುವ ಮುನ್ನ ಟಾರ್ಚ್ ಬಿಟ್ಟು ನೋಡಬೇಕು.

ಅನಂತರ ಟ್ಯಾಂಕಿನ ಸರದಿ. ಹಳೆಯ ಡೀಸೆಲ್‌ಗೆ ಹೊಸದನ್ನು ಬೆರೆಸಿದರೆ ಸಾಕೆಂಬ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಮಳೆಗಾಲದ ತೇವಾಂಶ ಟ್ಯಾಂಕಿನೊಳಗೆ ನೀರಾಗಿ ತಳ ಸೇರುತ್ತದೆ. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ನಾವು ತೆಗೆದ ಡೀಸೆಲನ್ನು ಗಾಜಿನ ಬಾಟಲಿಗೆ ತುಂಬಿ ಒಂದು ರಾತ್ರಿ ಇಟ್ಟಾಗ, ಮೇಲೆ ಚಹಾದ ಡಿಕಾಕ್ಷನ್ ಬಣ್ಣದ ಎಣ್ಣೆ, ಅಡಿಯಲ್ಲಿ ಎರಡು ಬೆರಳಷ್ಟು ನೀರು, ನಡುವೆ ಹಾಲಿನ ಕೆನೆಯಂತೆ ಮಡಿಚಿಕೊಂಡ ಕಪ್ಪು ಪೊರೆ ಕಂಡವು. ಟ್ಯಾಂಕನ್ನು ಇಳಿಸಿ, ತೊಳೆದು, ಪೂರ್ತಿ ಒಣಗಿಸಿ ಕೂರಿಸಿ. ಡೀಸೆಲ್ ಸಾಗುವ ರಬ್ಬರ್ ಪೈಪುಗಳು ಹೊರನೋಟಕ್ಕೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ, ಏಕೆಂದರೆ ಕೂದಲೆಳೆಯಷ್ಟು ಬಿರುಕಿದ್ದರೂ ಡೀಸೆಲ್ ಸೋರದೆಯೇ ಗಾಳಿ ಒಳಬರುತ್ತದೆ. ಫಿಲ್ಟರ್ ಕೂಡ ಹೊಸದೇ ಇರಲಿ.

ಈಗ ಎಂಜಿನ್. ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ ಹೊಸದನ್ನು ಹಾಕಿ. ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ನಾಝಲ್‌ಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೆ ಒಂದು ಅಥವಾ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಎರಡು ದಿನ ನೆನೆಯಲು ಬಿಡಿ. ಬಳಿಕ ವಾಲ್ವ್‌ಗಳ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ತೆಗೆದು, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಪೂರ್ಣ ಸುತ್ತು ತಿರುಗಿಸಿ. ಎಂಟೂ ವಾಲ್ವ್‌ಗಳು ಇಳಿದು ಮೇಲೇರುವುದನ್ನು ಕಣ್ಣಾರೆ ನೋಡದ ಹೊರತು ಮುಂದಿನ ಹೆಜ್ಜೆ ಇಡಬಾರದು. ಎಂಜಿನ್ ತಿರುಗದಿದ್ದರೆ ಉದ್ದನೆಯ ಪೈಪು ಸೇರಿಸಿ ಬಲ ಹಾಕುವುದು ತಪ್ಪು. ಇನ್ನಷ್ಟು ಆಯಿಲ್ ಬಿಟ್ಟು ಇನ್ನೂ ಕೆಲವು ದಿನ ಕಾಯಿರಿ. ಈ ಬಿಡುವಿನಲ್ಲಿ ನಾಝಲ್‌ಗಳನ್ನು ಡೀಸೆಲ್ ಪಂಪ್ ರಿಪೇರಿಯವರ ಬಳಿ ಒಯ್ದು ಒತ್ತಡ ಮತ್ತು ಸಿಂಪಡಿಕೆ ಪರೀಕ್ಷೆ ಮಾಡಿಸಬಹುದು. ಚಾಲೂ ಮಾಡುವ ಮುನ್ನ ಸಿಲಿಂಡರಿನೊಳಗೆ ಬಿಸಿ ಕೊಡುವ ಹೀಟರ್ ಪ್ಲಗ್‌ಗಳನ್ನು ಮೀಟರ್‌ನಿಂದ ಒಂದೊಂದಾಗಿ ನೋಡಿ.

ನಾಝಲ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಇಂಜೆಕ್ಷನ್ ಪಂಪಿನ ವಿಷಯದಲ್ಲಿ ಒಂದು ಮಾತು ನೆನಪಿರಲಿ: ಅದಕ್ಕೆ ಡೀಸೆಲ್ಲೇ ಲೂಬ್ರಿಕೇಶನ್. ಒಣ ಪಂಪನ್ನು ಸೆಲ್ಫ್ ಹೊಡೆದು ತಿರುಗಿಸಿದರೆ, ಕೂದಲಿಗಿಂತ ಎಷ್ಟೋ ಸಣ್ಣ ಅಂತರದಲ್ಲಿ ಕೂತಿರುವ ಅದರ ಭಾಗಗಳು ಉಜ್ಜಿ ಹಾಳಾಗುತ್ತವೆ. ಆದ್ದರಿಂದ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಕೈ ಲಿವರ್ ಒತ್ತುತ್ತಾ, ಮೊದಲು ಫಿಲ್ಟರಿನ ಏರ್ ಸ್ಕ್ರೂ, ಬಳಿಕ ಇಂಜೆಕ್ಷನ್ ಪಂಪಿನ ಎರಡು ಸ್ಕ್ರೂಗಳನ್ನು ಸಡಿಲಿಸಿ, ಗಾಳಿಯ ಗುಳ್ಳೆ ಪೂರ್ತಿ ನಿಂತು ತಿಳಿಯಾದ ಡೀಸೆಲ್ ಬರುವವರೆಗೆ ಕಾದು ಬಿಗಿಮಾಡಿ. ಲಿವರ್‌ಗೆ ಹಿಡಿತವೇ ಸಿಗದಿದ್ದರೆ ಎಂಜಿನನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಎಂಜಿನ್ ಒಳಗಿನ ಕ್ಯಾಮ್ ಎಂಬ ಉಬ್ಬು ಲಿವರನ್ನು ಎತ್ತಿ ಹಿಡಿದಿದ್ದರೆ ಹಾಗಾಗುತ್ತದೆ. 2020ರ ಏಪ್ರಿಲ್‌ನಿಂದ ಬಂಕ್‌ಗಳಲ್ಲಿ ಸಿಗುವ ಬಿಎಸ್6 ಡೀಸೆಲ್‌ನಲ್ಲಿ ಗಂಧಕ ತೀರಾ ಕಡಿಮೆ, ಹೆಚ್ಚೆಂದರೆ 10 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಭಾಗ. ಹಳೆಯ ಡೀಸೆಲ್‌ಗೆ ಒಗ್ಗಿದ ಪಂಪಿನ ರಬ್ಬರ್ ಸೀಲುಗಳು ಇದರಲ್ಲಿ ಕುಗ್ಗಿ ಸೋರಬಹುದು. ಸೋರಿಕೆ ಕಂಡರೆ ಪಂಪನ್ನು ಬಿಚ್ಚಿಸಿ ಸೀಲ್ ಕಿಟ್ ಹಾಕಿಸಿ.

ರೇಡಿಯೇಟರನ್ನು ತೊಳೆದು, ಹೋಸ್‌ಗಳನ್ನು ಬದಲಿಸಿ ಕೂಲೆಂಟ್ ತುಂಬಿದ ಮೇಲೆ ಬ್ಯಾಟರಿ ಜೋಡಿಸಿ. ನಾಝಲ್‌ಗಳನ್ನು ಹಾಕದೆಯೇ, ಡೀಸೆಲ್ ತಡೆಯುವ ಸ್ಟಾಪ್ ನಾಬ್ ಎಳೆದಿಟ್ಟು, ಸಿಲಿಂಡರುಗಳ ತೂತಿಗೆ ಬಟ್ಟೆ ಮುಚ್ಚಿ, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಉಳಿದ ಆಯಿಲ್ ಹೊರಚಿಮ್ಮುತ್ತದೆ, ಆಯಿಲ್ ಪ್ರೆಶರ್ ಮುಳ್ಳು ಮೇಲೇಳುತ್ತದೆ. ಈ ಆಯಿಲ್ ಹೊರಹೋಗದೆ ಉಳಿದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುವ ಅಪಾಯವಿದೆ.

ಹೊಸ ತಾಮ್ರದ ವಾಷರ್ ಇಟ್ಟು ನಾಝಲ್ ಕೂರಿಸಿ, ಅವುಗಳ ಪೈಪಿನ ನಟ್‌ಗಳನ್ನು ಸಡಿಲ ಬಿಟ್ಟು ಮತ್ತೆ ಸೆಲ್ಫ್ ಹೊಡೆದು, ಡೀಸೆಲ್ ಒಸರಿದ ಮೇಲೆ ಬಿಗಿಮಾಡಿ. ಚಿಮ್ಮುವ ಡೀಸೆಲ್‌ಗೆ ಬೆರಳು ಒಡ್ಡಬೇಡಿ, ಆ ಒತ್ತಡ ಚರ್ಮವನ್ನು ತೂರುತ್ತದೆ. ಚಾಲೂ ಮಾಡುವಾಗ ಒಬ್ಬರು ದಪ್ಪ ಹಲಗೆಯ ತುಂಡು ಹಿಡಿದು ಗಾಳಿ ಒಳಹೋಗುವ ಬಾಯಿಯ ಬಳಿ ನಿಂತಿರಲೇಬೇಕು: ಪಂಪ್ ಅಂಟಿಕೊಂಡು ಎಂಜಿನ್ ಹತೋಟಿ ತಪ್ಪಿ ಓಡತೊಡಗಿದರೆ ಕೀಲಿ ತೆಗೆದರೂ ನಿಲ್ಲುವುದಿಲ್ಲ, ಗಾಳಿ ಮುಚ್ಚಬೇಕು, ಅದೂ ಹಲಗೆಯಿಂದಲೇ, ಕೈಯಿಂದಲ್ಲ. ಹೀಟರ್ ಪ್ಲಗ್ ಇರುವ ಎಂಜಿನ್‌ಗೆ ಈಥರ್ ಸ್ಪ್ರೇ ಎಂದಿಗೂ ಬೇಡ. ಶೆಡ್ಡಿನ ಬಾಗಿಲು ತೆರೆದಿರಲಿ. ಮೊದಲ ಕೆಲವು ನಿಮಿಷ ದಟ್ಟವಾದ ಬಿಳಿ ಹೊಗೆ ಬಂದರೆ ಗಾಬರಿಯಾಗಬೇಕಿಲ್ಲ. ಆಯಿಲ್ ಪ್ರೆಶರ್ ಏರದಿದ್ದರೆ ಮಾತ್ರ ತಕ್ಷಣ ನಿಲ್ಲಿಸಿ.

ಎಂಜಿನ್ ಓಡಿತೆಂದು ರಸ್ತೆಗೆ ಇಳಿಯಬೇಡಿ. ಬ್ರೇಕ್ ಆಯಿಲ್ ನೀರು ಹೀರಿಕೊಂಡು ವೀಲ್ ಸಿಲಿಂಡರುಗಳು ಒಳಗಿನಿಂದ ತುಕ್ಕು ಹಿಡಿದಿರುತ್ತವೆ. ನಾಲ್ಕೂ ಡ್ರಮ್ ಬಿಚ್ಚಿ ಕಿಟ್ ಬದಲಿಸುವುದು ಅನಿವಾರ್ಯ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಶೆಡ್ಡಿನಲ್ಲೇ ಮುದಿಯಾದ ಟೈರನ್ನು ಗೆರೆ ಸವೆದಿಲ್ಲವೆಂದು ಉಳಿಸಿಕೊಳ್ಳಬಾರದು. ನೋಂದಣಿಯ 15 ವರ್ಷ ಮುಗಿದಿದ್ದರೆ 5 ವರ್ಷದ ನವೀಕರಣ, ವಿಮೆ ಮತ್ತು ಹೊಗೆ ತಪಾಸಣೆಯನ್ನು ಮುಗಿಸಿಕೊಳ್ಳಿ. ಮೊದಲ 300 ಕಿಲೋಮೀಟರ್ ಮನೆಯ ಆಸುಪಾಸಿನಲ್ಲೇ ಓಡಿಸಿ, ಆಯಿಲ್ ಮತ್ತು ಎರಡೂ ಫಿಲ್ಟರುಗಳನ್ನು ಇನ್ನೊಮ್ಮೆ ಬದಲಿಸಿ. ಅಷ್ಟರಲ್ಲಿ ಅಂಟಿದ್ದ ಪಿಸ್ಟನ್ ರಿಂಗುಗಳು ಬಿಟ್ಟುಕೊಂಡು, ಆಯಿಲ್ ಉರಿದು ಬರುವ ನೀಲಿ ಹೊಗೆಯೂ ಬಹುಮಟ್ಟಿಗೆ ಇಳಿದಿರುತ್ತದೆ.