ಪೆಟ್ಟಿಗೆ ಎತ್ತುವ ಹ್ಯೂಮನಾಯ್ಡ್: ಭುಜದ ಬಿಸಿ, ಬ್ಯಾಟರಿ, ಕೆಂಪು ಬಟನ್

ಕಾರ್ಖಾನೆಗೆಂದು ಹ್ಯೂಮನಾಯ್ಡ್, ಅಂದರೆ ಮನುಷ್ಯಾಕಾರದ, ರೋಬೋ ಕಟ್ಟಹೊರಟವರು ಮೊದಲು ತಲೆ ಕೆಡಿಸಿಕೊಳ್ಳುವುದು ನಡಿಗೆಗೆ. ನಾವೂ ಹಾಗೇ ಶುರುಮಾಡಿದ್ದು. ಕಾಡಿದ್ದು ಮಾತ್ರ ಭುಜ.

10 ಕೆಜಿ ಪೆಟ್ಟಿಗೆಯನ್ನು ಭುಜದಿಂದ ಅರ್ಧ ಮೀಟರ್ ಮುಂದೆ ಹಿಡಿದರೆ ಸುಮಾರು 49 ನ್ಯೂಟನ್ ಮೀಟರ್ ಟಾರ್ಕ್ (ತಿರುಚು ಬಲ) ಬೇಕು. ಎರಡು ಭುಜಕ್ಕೆ ಹಂಚಿದರೆ ತಲಾ 24.5. ನಮ್ಮ ರೋಬೋದ ಒಂದು ಕೈ 4 ಕೆಜಿ, ಅದರ ಭಾರದ ಕೇಂದ್ರ ಭುಜದಿಂದ ಕಾಲು ಮೀಟರ್ ದೂರದಲ್ಲಿದೆ. ಅದಕ್ಕೆ ಇನ್ನೊಂದು 10. ಅಂದರೆ ಅಲುಗಾಡದೆ ನಿಲ್ಲುವುದಕ್ಕೇ ಪ್ರತಿ ಭುಜಕ್ಕೆ ಸುಮಾರು 35. ಕ್ಯಾಟಲಾಗಿನಲ್ಲಿ ಕಣ್ಣಿಗೆ ಹೊಡೆಯುವಂತೆ ಹಾಕಿರುವುದು ಪೀಕ್ ಟಾರ್ಕ್. ಅದು ಕೆಲವೇ ಸೆಕೆಂಡಿನ ಮಾತು. ಪೀಕ್ 90, ನಿರಂತರ 30 ಇದ್ದ ಮೋಟರ್ ಹಾಕಿದ್ದೆವು. ಕೆಲವೇ ನಿಮಿಷಕ್ಕೆ ಮೋಟರಿನೊಳಗಿನ ತಂತಿಸುರುಳಿ (ವೈಂಡಿಂಗ್) ಕಾದು, ಮೋಟರಿಗೆ ಕರೆಂಟ್ ಕೊಡುವ ಡ್ರೈವರ್ ಸರ್ಕ್ಯೂಟ್ ಕರೆಂಟ್ ಇಳಿಸಿ, ಪೆಟ್ಟಿಗೆ ಮೆಲ್ಲಗೆ ಜೋತುಬೀಳುತ್ತಿತ್ತು.

ದೊಡ್ಡ ಮೋಟರ್ ಹಾಕಿದರೆ ಅದರ ತೂಕವನ್ನು ಸೊಂಟ, ಮೊಣಕಾಲು ಹೊರಬೇಕು. ಆಮೇಲೆ ಅವೂ ದೊಡ್ಡದಾಗಬೇಕು. ಅದಕ್ಕೇ ಭಂಗಿ ಬದಲಿಸಿದೆವು. ಮೊಣಕೈ ಮಡಿಸಿ ಪೆಟ್ಟಿಗೆಯನ್ನು 25 ಸೆಂ.ಮೀ. ಒಳಗೆ ಎಳೆದುಕೊಂಡರೆ ಟಾರ್ಕ್ ಅರ್ಧಕ್ಕಿಳಿಯುತ್ತದೆ. ಬಿಸಿ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಹಾಗಾಗಿ ಅದು ಕಾಲು ಭಾಗವಾಗುತ್ತದೆ. ಹೊರೆಯಾಳುಗಳು ಮೂಟೆಯನ್ನು ಮೈಗೆ ಒತ್ತಿಕೊಳ್ಳುವುದು ಸುಮ್ಮನೆ ಅಲ್ಲ! ಈಗ ಕೈ ಚಾಚುವುದು ಎತ್ತುವಾಗ, ಇಳಿಸುವಾಗ ಮಾತ್ರ. ಐದು ಬೆರಳಿನ ಅಂಗೈ ವಿಡಿಯೋಗೆ ಚೆನ್ನ; ಪೆಟ್ಟಿಗೆಗೆ ರಬ್ಬರ್ ಹೊದಿಸಿದ ಎರಡು ಚಪ್ಪಟೆ ಹಸ್ತ ಸಾಕು.

ಕಾಲಿಗೆ 100:1 ಹಾರ್ಮೋನಿಕ್ ಗೇರ್ (ಮೋಟರ್ ನೂರು ಸುತ್ತಿದರೆ ಕೀಲು ಒಂದು ಸುತ್ತುವಂಥದ್ದು) ಬೇಡವೆಂದೆವು. ಮೋಟರಿನ ಜಡತೆ ಗೇರ್ ಅನುಪಾತದ ವರ್ಗದಷ್ಟು, ಅಂದರೆ 10,000 ಪಟ್ಟು, ಕೀಲಿನಲ್ಲಿ ಕಾಣುತ್ತದೆ. ಹೆಜ್ಜೆ ಊರಿದ ಪೆಟ್ಟೆಲ್ಲ ಹಲ್ಲಿಗೇ. 9:1 ಪ್ಲಾನೆಟರಿ ಗೇರಿನಲ್ಲಿ ಆ ಜಡತೆ 81 ಪಟ್ಟು ಮಾತ್ರ.

ಬ್ಯಾಟರಿಯಲ್ಲಿ 13 ಸೆಲ್ ಸರಣಿ: ಹೆಸರಿಗೆ 48 ವೋಲ್ಟ್, ತುಂಬಿದಾಗ 54.6. ರೋಬೋ ಸರಕ್ಕನೆ ಕುಕ್ಕರಿಸಿದರೆ ಮೋಟರ್‌ಗಳೇ ಜನರೇಟರ್ ಆಗಿ ಕರೆಂಟ್ ಹಿಂದಕ್ಕೆ ನೂಕುತ್ತವೆ. ತುಂಬಿದ ಬ್ಯಾಟರಿಯ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಅದನ್ನು ಒಳಗೆ ಬಿಡದಿದ್ದರೆ ವೋಲ್ಟೇಜ್ ಚಿಮ್ಮಿ, 60 ವೋಲ್ಟ್ ತಾಳಿಕೆಯ ಡ್ರೈವರ್ ಸುಟ್ಟುಹೋಗುತ್ತದೆ. ಡ್ರೈವರಿಗೆ 100 ವೋಲ್ಟ್ ತಾಳುವ ಮಾಸ್‌ಫೆಟ್ (ಕರೆಂಟಿನ ಎಲೆಕ್ಟ್ರಾನಿಕ್ ಸ್ವಿಚ್), ಜೊತೆಗೆ 57 ವೋಲ್ಟ್ ದಾಟಿದರೆ ಹೆಚ್ಚಿನ ಕರೆಂಟನ್ನು ಬಿಸಿಯಾಗಿ ಕಳೆಯುವ ಬ್ರೇಕ್ ರೆಸಿಸ್ಟರ್ ಹಾಕಿದೆವು. ಚಾರ್ಜ್ ಅನ್ನು 90 ಪ್ರತಿಶತಕ್ಕೆ ನಿಲ್ಲಿಸುವುದು ಇನ್ನೂ ಅಗ್ಗದ ಉಪಾಯ.

ತುರ್ತಾಗಿ ನಿಲ್ಲಿಸುವ ಕೆಂಪು ಬಟನ್ನಿನದು ಬೇರೆಯೇ ತಲೆನೋವು. ನೆಲಕ್ಕೆ ಬೋಲ್ಟ್ ಹಾಕಿದ ರೋಬೋ ಕರೆಂಟ್ ಹೋದರೆ ನಿಂತಲ್ಲೇ ನಿಲ್ಲುತ್ತದೆ. ಎರಡು ಕಾಲಿನದು ಕುಸಿದು ಪಕ್ಕದವರ ಮೇಲೇ ಬೀಳುತ್ತದೆ. ಯಂತ್ರಗಳ ವಿದ್ಯುತ್ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1ರ ಕೆಟಗರಿ 1 ನಿಲುಗಡೆ ಇದಕ್ಕೆ ದಾರಿ: ಮೊದಲು ಹಿಡಿತದಲ್ಲಿ ನಿಲ್ಲಿಸು, ಆಮೇಲೆ ಕರೆಂಟ್ ಕಡಿ. ನಮ್ಮದು ಎರಡು ಸೆಕೆಂಡಿನಲ್ಲಿ ಮಂಡಿ ಮಡಿಸಿ ಕೂರುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದರೂ ಕರೆಂಟ್ ಕಡಿಯಲು ಪ್ರತ್ಯೇಕ ಸೇಫ್ಟಿ ಟೈಮರ್ ರಿಲೇ ಇದೆ. ಆದರೂ ಎಡವಿ ಬೀಳುವುದನ್ನು ಯಾವ ಬಟನ್ನೂ ತಡೆಯದು. ಅದಕ್ಕೆ ಕೈ ಮೇಲೆತ್ತಿದಾಗಿನ ಪೂರ್ತಿ ಎತ್ತರದಷ್ಟು ಜಾಗವನ್ನು ಸುತ್ತಲೂ ಖಾಲಿ ಬಿಡುತ್ತೇವೆ.

ಕೀಲುಗಳು ಆಗೀಗ ಮಾತ್ರ ಉತ್ತರ ಕೊಡದಿದ್ದರೆ ಸಾಫ್ಟ್‌ವೇರ್ ಕೆದಕುವ ಮೊದಲು ಪವರ್ ತೆಗೆದು, ಮೊಣಕೈಯನ್ನು ಮಡಿಸುತ್ತಾ ಬಿಡಿಸುತ್ತಾ, ಕೀಲುಗಳಿಗೆ ಸಂದೇಶ ಒಯ್ಯುವ ಕ್ಯಾನ್ ಜೋಡಿತಂತಿಯ ಒಂದು ತುದಿಯಲ್ಲಿ, ಆ ಎರಡು ತಂತಿಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್ (ಟರ್ಮಿನೇಟರ್) ಇರುತ್ತದೆ; ಎರಡೂ ಸೇರಿ 60 ತೋರಿಸಬೇಕು. 60 ಓಮ್ ಸ್ಥಿರವಾಗಿದ್ದರೆ ತಂತಿ ಸರಿ. ಮಡಿಸಿದಾಗ 120ಕ್ಕೆ ಹಾರಿದರೆ ತಂತಿ ಒಳಗೆ ಮುರಿದಿದೆ. ಸದಾ 120 ಇದ್ದರೆ ಆಚೆ ತುದಿಯ ಟರ್ಮಿನೇಟರ್ ನೋಡಿ.