ಸಂಬಳ ನೇಪಾಳದ್ದು, ತೋಟ ಸಾಗರದ್ದು: ಎರಡು ದೇಶದ ತೆರಿಗೆಯ ನನ್ನ ಅನುಭವ

ನೇಪಾಳದಲ್ಲಿ ಕೆಲಸ ಅಂದರೆ ನಮ್ಮ ಕಡೆ ಯಾರೂ ಅದನ್ನು ಫಾರಿನ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ವೀಸಾ ಬೇಡ, ಗೋರಖಪುರದಿಂದ ಸುನೌಲಿಗೆ ಬಸ್ಸಲ್ಲಿ ಹೋಗಿ ನಡೆದುಕೊಂಡೇ ಗಡಿ ದಾಟಬಹುದು. ಆದರೆ ಆದಾಯ ತೆರಿಗೆಯ ಮಟ್ಟಿಗೆ ಕಠ್ಮಂಡುವೂ ಒಂದೇ, ಕ್ಯಾಲಿಫೋರ್ನಿಯಾವೂ ಒಂದೇ. ಈಚೆಗೆ ನಮ್ಮ ಕಡೆಯ ಒಂದಿಬ್ಬರು ಹುಡುಗರು ಅಲ್ಲಿಗೆ ಹೊರಟಿದ್ದಾರೆ, ಫೋನ್ ಮಾಡಿ ಕೇಳುತ್ತಿರುತ್ತಾರೆ. ಹಾಗಾಗಿ ನಾನು ಹೇಗೆ ಮಾಡಿದೆ ಅಂತ ಬರೆದಿಡುತ್ತಿದ್ದೇನೆ.

ಟರ್ಬೈನ್ ಕೆಲಸ ನಾನು ಕಲಿತದ್ದು ಶರಾವತಿ ಕಣಿವೆಯಲ್ಲಿ. 2023ರ ಅಕ್ಟೋಬರ್‌ನಲ್ಲಿ ನೇಪಾಳದ ಒಂದು ಜಲವಿದ್ಯುತ್ ಕಂಪನಿಗೆ ಸಂಬಳಕ್ಕೆ ಸೇರಿದೆ. ಇಲ್ಲಿ ಸಾಗರದ ಹತ್ತಿರ ಅಡಿಕೆ ತೋಟ, ಶಿವಮೊಗ್ಗದ ವಿನೋಬನಗರದಲ್ಲಿ ಬಾಡಿಗೆಗೆ ಕೊಟ್ಟ ಮನೆ, ಬ್ಯಾಂಕಿನಲ್ಲಿ ಸ್ವಲ್ಪ ಡಿಪಾಸಿಟ್.

ಹೊರಡುವ ಮೊದಲೇ ಶಿವಮೊಗ್ಗದ ಆಡಿಟರ್ ಹತ್ತಿರ ಹೋದೆ. ಅವರು ಸಂಬಳ ಎಷ್ಟು ಅಂತ ಕೇಳಲೇ ಇಲ್ಲ. "ಹೊರಡೋದು ಯಾವಾಗ ಮಾರಾಯ್ರೆ?" ಅಂತ ಕೇಳಿದರು. ಎಲ್ಲ ನಿಂತಿರುವುದು ಅದರ ಮೇಲೆ. ಭಾರತದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಆ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು ಇಲ್ಲಿನ ನಿವಾಸಿ, ಜಗತ್ತಿನ ಯಾವ ಮೂಲೆಯಲ್ಲಿ ದುಡಿದರೂ ಇಲ್ಲಿ ತೋರಿಸಬೇಕು. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 29ಕ್ಕೇ 182 ತುಂಬುತ್ತದೆ. ಅಕ್ಟೋಬರ್‌ನಲ್ಲಿ ಹೊರಟವನು ಮಾರ್ಚ್ ತನಕ ನಿವಾಸಿಯೇ. ಅಂದರೆ ಮೊದಲ ವರ್ಷ ನೇಪಾಳದ ಸಂಬಳಕ್ಕೆ ಎರಡೂ ಕಡೆ ಲೆಕ್ಕ. ಮುಂದಿನ ವರ್ಷ ಪೂರ್ತಿ ಅಲ್ಲೇ ಇದ್ದು, ಹಬ್ಬಕ್ಕೂ ಅಡಿಕೆ ಕೊಯ್ಲಿಗೂ ಬಂದು ಹೋದರೆ ಅನಿವಾಸಿ, ಆಗ ಅಲ್ಲಿನ ಸಂಬಳ ಇಲ್ಲಿ ಲೆಕ್ಕಕ್ಕಿಲ್ಲ. ಭಾರತದೊಳಗಿನ ಆದಾಯವೇ 15 ಲಕ್ಷ ದಾಟುವವರಿಗೆ ಮಾತ್ರ ಬಂದು ಹೋಗುವ ಮಿತಿ 120 ದಿನ. ನಮ್ಮಂಥವರಿಗೆ ಆ ಚಿಂತೆ ಇಲ್ಲ.

ದಿನ ಎಣಿಸಬಹುದು, ರುಜುವಾತು ಮಾಡುವುದು ಹೇಗೆ? ದುಬೈಗೆ ಹೋದವನ ಪಾಸ್‌ಪೋರ್ಟಿನಲ್ಲಿ ಸೀಲು ಇರುತ್ತದೆ. ರಸ್ತೆಯಲ್ಲಿ ನೇಪಾಳಕ್ಕೆ ದಾಟುವ ಭಾರತೀಯರಿಗೆ ಯಾರೂ ಸೀಲು ಹೊಡೆಯುವುದಿಲ್ಲ. ನಾನು ರೈಲು ಟಿಕೆಟ್, ಬಸ್ ಟಿಕೆಟ್, ಬೋರ್ಡಿಂಗ್ ಪಾಸ್ ಎಲ್ಲದರ ಫೋಟೋ ಒಂದು ಫೋಲ್ಡರ್‌ಗೆ ಹಾಕುತ್ತಾ ಹೋದೆ. ಜೊತೆಗೆ ಕಂಪನಿಯ ಹಾಜರಿ ಪಟ್ಟಿಯ ಪ್ರತಿ. ಯಾರೂ ಕೇಳದೇ ಇರಬಹುದು, ಆದರೆ ಕೇಳಿದಾಗ ಹುಡುಕಲು ಹೋದರೆ ಒಂದೂ ಸಿಗುವುದಿಲ್ಲ.

ಅಲ್ಲಿ ಸೇರಿದ ಕೂಡಲೇ ಕಂಪನಿಯವರು ಪಾನ್ ಮಾಡಿಸಿ ಅಂದರು. ನನ್ನ ಹತ್ತಿರ ಇದೆ ಅಂತ ನಮ್ಮದು ಕೊಟ್ಟರೆ ನಕ್ಕರು. ಅವರದ್ದು ಬೇರೆ ಪಾನ್, ಒಂಬತ್ತು ಅಂಕಿ. 183 ದಿನ ಇದ್ದರೆ ಅಲ್ಲೂ ನಿವಾಸಿ, ಆಗ ಹಂತ ಹಂತದ ದರ. ನಾನು ಇದ್ದಾಗ ಮೊದಲ ಹಂತಕ್ಕೆ 1 ಪರ್ಸೆಂಟ್ ಸಾಮಾಜಿಕ ಭದ್ರತಾ ತೆರಿಗೆ, ಅದರ ಮೇಲೆ 10, 20, 30 ಹೀಗೆ. ಅನಿವಾಸಿಯಾದರೆ ಸಂಬಳದ ಮೇಲೆ ಸಾರಾಸಗಟು 25. ಹಾಗಾಗಿ ನಾಲ್ಕೈದು ತಿಂಗಳ ಕಾಂಟ್ರ್ಯಾಕ್ಟಿಗೆ ಹೋಗುವವರು ಕೈಗೆ ಬರುವ ಸಂಬಳ ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ. ದಸೈಂ ಹಬ್ಬಕ್ಕೆ ಒಂದು ತಿಂಗಳ ಮೂಲ ಸಂಬಳ ಕೊಡುತ್ತಾರೆ, ಖುಷಿಯೇ, ಆದರೆ ಅದಕ್ಕೂ ತೆರಿಗೆ ಇದೆ.

ನಿಜವಾದ ತಲೆನೋವು ಕ್ಯಾಲೆಂಡರು. ನೇಪಾಳದ ಹಣಕಾಸು ವರ್ಷ ಶ್ರಾವಣದಿಂದ ಆಷಾಢ, ಅಂದರೆ ಜುಲೈ ನಡುವಿಂದ ಮುಂದಿನ ಜುಲೈ ನಡುವಿಗೆ. ಅದೂ ವಿಕ್ರಮ ಸಂವತ್. ನನ್ನ ಸಂಬಳ ಚೀಟಿಯಲ್ಲಿ 2080 ಅಂತ ಇತ್ತು, ಅಂಕಿಗಳೂ ದೇವನಾಗರಿಯವು. ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಸಾಲದ್ದಕ್ಕೆ ನಮ್ಮ ರಿಟರ್ನ್‌ನಲ್ಲೇ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ಜನವರಿಯಿಂದ ಡಿಸೆಂಬರ್ ಲೆಕ್ಕ ಕೇಳುತ್ತದೆ. ಒಬ್ಬ ಮನುಷ್ಯ, ಒಂದು ಸಂಬಳ, ಮೂರು ವರ್ಷ!

ಒಂದು ದೊಡ್ಡ ಹಾಳೆಯಲ್ಲಿ ಅವರ ತಿಂಗಳು, ನಮ್ಮ ತಾರೀಕು, ಸಂಬಳ, ಹಿಡಿದ ತೆರಿಗೆ ಅಂತ ಕಾಲಂ ಹಾಕಿಕೊಂಡೆ. ಹಾಗೆ ಬರೆಯುವಾಗ ಚೈತ್ರ ಸಿಕ್ಕಿಬಿತ್ತು. 2080ರ ಚೈತ್ರ 2024ರ ಮಾರ್ಚ್ 14ಕ್ಕೆ ಶುರುವಾಗಿ ಏಪ್ರಿಲ್ 12ಕ್ಕೆ ಮುಗಿಯಿತು. ಆ ತಿಂಗಳ ಸಂಬಳ ಯಾವ ವರ್ಷದ್ದು? ಅರ್ಧ ಅರ್ಧ ಮಾಡಬೇಕೇನೋ ಅಂತ ಅಂದುಕೊಂಡಿದ್ದೆ. ಆಡಿಟರ್ ಹೇಳಿದ್ದು ಬೇರೆ: ಸಂಬಳಕ್ಕೆ ತೆರಿಗೆ ಅದು ಬಾಕಿಯಾದ ದಿನ, ಅಥವಾ ಅದಕ್ಕೆ ಮೊದಲೇ ಕೈಗೆ ಬಂದರೆ ಆ ದಿನ. ಚೈತ್ರದ ಸಂಬಳ ಬಾಕಿಯಾಗುವುದು ಚೈತ್ರ ಮುಗಿದ ಮೇಲೆ, ಅಂದರೆ ಏಪ್ರಿಲ್‌ನಲ್ಲಿ. ಏಪ್ರಿಲ್‌ನಿಂದ ನಾನು ಅನಿವಾಸಿ. ಹಾಗಾಗಿ ಆ ಇಡೀ ತಿಂಗಳು ಭಾರತದ ಲೆಕ್ಕದಿಂದಲೇ ಹೊರಗೆ. ಇಂಥದ್ದು ನಾವೇ ಸುಮ್ನೆ ಕೂತು ಫಾರಂ ತುಂಬಿದರೆ ಹೊಳೆಯುವುದಿಲ್ಲ, ಆಡಿಟರ್ ಫೀಸು ಅಲ್ಲೇ ವಸೂಲಾಯಿತು.

ನೋಟು ಬದಲಾವಣೆಯ ಲೆಕ್ಕ ಮಾತ್ರ ಸಲೀಸು. ಡಾಲರ್ ಆಗಿದ್ದರೆ ಪ್ರತಿ ತಿಂಗಳೂ ಹಿಂದಿನ ತಿಂಗಳ ಕೊನೆಯ ದಿನದ ಎಸ್‌ಬಿಐ ದರ ಹುಡುಕಬೇಕಿತ್ತು. ನಮ್ಮ 100 ರೂಪಾಯಿಗೆ ಅವರ 160 ಅಂತ 1993ರಿಂದ ಕಟ್ಟಿಹಾಕಿರುವುದರಿಂದ ಎಲ್ಲ ತಿಂಗಳಿಗೂ ಒಂದೇ ಭಾಗಾಕಾರ.

ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಬೀಳದ ಹಾಗೆ ಎರಡು ದೇಶದ ನಡುವೆ ಒಪ್ಪಂದ ಇದೆ, ಈಗಿನದು 2011ರಲ್ಲಿ ಸಹಿಯಾದದ್ದು. ಹಾಗಂತ ಅಲ್ಲಿ ಕಟ್ಟಿದರೆ ಇಲ್ಲಿ ಮುಗಿಯಿತು ಅಂತಲ್ಲ. ಇಲ್ಲಿ ಪೂರ್ತಿ ಆದಾಯ ತೋರಿಸಿ, ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯುವುದು. ಆ ಸಂಬಳಕ್ಕೆ ಇಲ್ಲಿ ಎಷ್ಟು ತೆರಿಗೆ ಬರುತ್ತದೋ ಅಷ್ಟೇ ಮಿತಿ. ಅಲ್ಲಿ ಜಾಸ್ತಿ ಕಟ್ಟಿದ್ದರೆ ಹೆಚ್ಚಿನದ್ದು ಹೋಯಿತು, ಯಾರೂ ವಾಪಸ್ ಕೊಡುವುದಿಲ್ಲ. ಇದಕ್ಕೆ ಫಾರಂ 67 ಹಾಕಬೇಕು, ಜೊತೆಗೆ ಅಲ್ಲಿ ತೆರಿಗೆ ಕಟ್ಟಿದ ಪುರಾವೆ. ಅಲ್ಲಿ ಒಂದೇ ಕಂಪನಿಯ ಸಂಬಳ ಮಾತ್ರ ಇರುವವರು ಸಾಮಾನ್ಯವಾಗಿ ರಿಟರ್ನ್ ಹಾಕುವುದೇ ಇಲ್ಲ, ಕಂಪನಿ ಹಿಡಿದು ಕಟ್ಟಿದರೆ ಮುಗಿಯಿತು. ಹಾಗಾಗಿ ತೋರಿಸಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ನಾನು ಅಕೌಂಟ್ಸ್ ವಿಭಾಗದ ಹುಡುಗನ ಜೊತೆ ಚಹಾ ಕುಡಿಯುತ್ತಾ ಕೂತು, ತಿಂಗಳುವಾರು ಸಂಬಳ, ಕಟ್ಟಿದ ತೆರಿಗೆ, ಇಂಗ್ಲಿಷ್ ತಾರೀಕು ಎಲ್ಲ ಇರುವ ಪತ್ರ ಮಾಡಿಸಿಕೊಂಡೆ. ಸಹಿ, ಕಂಪನಿಯ ಮೊಹರು ಎರಡೂ ಬೇಕು. ಸಾಮಾಜಿಕ ಭದ್ರತೆಯ ಆ 1 ಪರ್ಸೆಂಟ್ ಆದಾಯ ತೆರಿಗೆ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಏಳಬಹುದು ಅಂತ ಅದನ್ನು ನಾನು ಕ್ಲೇಮ್ ಮಾಡಲಿಲ್ಲ. ಸಣ್ಣ ದುಡ್ಡಿಗೆ ವಾದ ಯಾಕೆ ಅಲ್ವಾ.

ಇನ್ನು ಅಡಿಕೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ಅರ್ಧ ಮಾತು. ಬೇರೆ ಆದಾಯ ಇದ್ದರೆ ಅಡಿಕೆ ದುಡ್ಡು ದರವನ್ನು ಮೇಲಕ್ಕೆ ತಳ್ಳುತ್ತದೆ. 2023-24ರ ಹೊಸ ಪದ್ಧತಿಯಲ್ಲಿ 8 ಲಕ್ಷ ಆದಾಯಕ್ಕೆ ತೆರಿಗೆ 35,000. ಅದೇ ಮನುಷ್ಯನಿಗೆ 4 ಲಕ್ಷ ಕೃಷಿ ಆದಾಯವೂ ಇದ್ದರೆ, ಮೊದಲು 12 ಲಕ್ಷಕ್ಕೆ ಲೆಕ್ಕ ಹಾಕಿ 90,000, ಅದರಿಂದ 7 ಲಕ್ಷದ ಮೇಲಿನ 25,000 ಕಳೆದು, 65,000 ಕಟ್ಟಬೇಕು. ಮೇಲೆ ಸೆಸ್. ಆದರೆ ದರ ಏರಿದಾಗ ನೇಪಾಳದ ತೆರಿಗೆ ಕಳೆಯುವ ಮಿತಿಯೂ ಏರುತ್ತದೆ. ನನಗೆ ಅಲ್ಲಿ ಹಿಡಿದದ್ದು ಜಾಸ್ತಿಯೇ ಇದ್ದುದರಿಂದ, ಅಡಿಕೆಯಿಂದ ಏರಿದ್ದರ ಒಂದು ಪಾಲು ಹಾಗೇ ವಜಾ ಆಯಿತು. ಅಡಿಕೆ ಬೆಳೆಗಾರರ ಸಹಕಾರ ಸಂಘ ಮಾಮ್‌ಕೋಸ್‌ನಲ್ಲಿ ರಾಶಿ ಇಡಿ ಅಡಿಕೆ ಮಾರಿದ ಚೀಟಿಗಳು, ಕೊಯ್ಲು-ಸುಲಿತದ ಕೂಲಿ ಲೆಕ್ಕ ಎಲ್ಲ ಇಟ್ಟಿದ್ದೆ. ಅಂದಹಾಗೆ ನೇಪಾಳದ ಝಾಪಾ ಜಿಲ್ಲೆಯಲ್ಲೂ ಅಡಿಕೆ ತೋಟಗಳಿವೆ. ಆದರೆ ಈ ವಿನಾಯಿತಿ ಭಾರತದ ಜಮೀನಿಗೆ ಮಾತ್ರ, ಅಲ್ಲಿ ತೋಟ ಮಾಡುವ ಆಸೆ ಇದ್ದವರು ನೆನಪಿಡಿ.

ಅಲ್ಲಿನ ಬ್ಯಾಂಕ್ ಖಾತೆಯಲ್ಲಿ ಸಾವಿರ ರೂಪಾಯಿ ಇದ್ದರೂ ನಿವಾಸಿಯಾಗಿದ್ದ ವರ್ಷ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡಕ್ಕೆ ಅವಕಾಶ ಇದೆ. 2024ರ ಅಕ್ಟೋಬರ್‌ನಿಂದ, ಜಮೀನು ಮನೆ ಬಿಟ್ಟು ಉಳಿದದ್ದು ಒಟ್ಟು 20 ಲಕ್ಷದೊಳಗಿದ್ದರೆ ಆ ದಂಡ ಇಲ್ಲ. ಹಾಗಂತ ತೋರಿಸದೇ ಬಿಡುವ ಹಾಗಿಲ್ಲ.

ಎರಡನೇ ವರ್ಷ ಸುಲಭ ಅಂದುಕೊಂಡರೆ ವಿನೋಬನಗರದ ಮನೆ ಎದ್ದು ಕೂತಿತು. ಮಾಲೀಕ ಅನಿವಾಸಿಯಾದರೆ ಬಾಡಿಗೆದಾರರು ಬಾಡಿಗೆಯಲ್ಲಿ 31.2 ಪರ್ಸೆಂಟ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಅದಕ್ಕೆ ಟ್ಯಾನ್ (ತೆರಿಗೆ ಹಿಡಿದು ಕಟ್ಟುವವರ ನಂಬರ್) ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ಹಿಡಿದದ್ದರ ಲೆಕ್ಕ ಕೊಡುವ ಫಾರಂ 27ಕ್ಯೂ ಹಾಕಬೇಕು. ನನ್ನ ಬಾಡಿಗೆದಾರರು ಬ್ಯಾಂಕ್ ಉದ್ಯೋಗಿ, ಗಟ್ಟಿ ಮನುಷ್ಯ. ಆದರೂ "ಏನ್ ಸಾರ್, ಬಾಡಿಗೆಗೆ ಇದ್ದದ್ದಕ್ಕೆ ನನಗೇನು ಈ ಶಿಕ್ಷೆ?" ಅಂದರು. ನ್ಯಾಯವೇ. ಅವರ ಪರವಾಗಿ ಎಲ್ಲವನ್ನೂ ನನ್ನ ಆಡಿಟರೇ ಮಾಡಲಿ, ಖರ್ಚು ನನ್ನದು ಅಂತ ಒಪ್ಪಿಸಿದೆ. ಕಡಿಮೆ ಹಿಡಿಯಲು ಫಾರಂ 13ರಲ್ಲಿ ಮೊದಲೇ ಅರ್ಜಿ ಹಾಕಬಹುದು, ವರ್ಷದ ಆರಂಭದಲ್ಲೇ ಹಾಕಿದರೆ ಪ್ರಯೋಜನ. ನಾನು ರಿಟರ್ನ್ ಹಾಕಿ ರಿಫಂಡ್ ತಗೊಂಡೆ. ಒಂದು ವಿಷಯ: ನಿವಾಸಿಗಳಿಗೆ ಸಿಗುವ 87ಎ ರಿಯಾಯಿತಿ ಅನಿವಾಸಿಗೆ ಇಲ್ಲ. 7 ಲಕ್ಷದವರೆಗೆ ತೆರಿಗೆ ಇಲ್ಲ ಅಂತ ಆಗ ಪಕ್ಕದ ಮನೆಯವರು ಹೇಳುತ್ತಿದ್ದರೆ ಅದು ಅವರ ಲೆಕ್ಕವಾಗಿತ್ತು.

ಮೇಲೆ ಹೇಳಿದ್ದೆಲ್ಲ 1961ರ ಕಾಯ್ದೆಯ ಪ್ರಕಾರ ನಾನು ಮಾಡಿದ್ದು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಸೆಕ್ಷನ್, ಫಾರಂ ನಂಬರ್‌ಗಳು ಬದಲಾಗಿವೆ. ಈಗ ಹೊರಡುವವರು ನನ್ನ ನಂಬರ್‌ಗಳನ್ನು ಹಾಗೇ ಬರೆದುಕೊಂಡು ಹೋಗಿ ಆಡಿಟರ್ ಮುಂದೆ ಇಡಬೇಡಿ. ಟಿಕೆಟ್‌ಗಳನ್ನೂ ಕಂಪನಿಯ ಪತ್ರವನ್ನೂ ಇಡಿ.